ನಾಲ್ಕಡಿ ದೋಸೆಯ ನಿಜವಾದ ಉದ್ದ

ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ವಸತಿಗೃಹದ ಆರನೇ ಮಹಡಿಯಲ್ಲಿರುವ ಸೂರ್ಯನಾರಾಯಣರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಅವರ ಕಷ್ಟಗಳೆಲ್ಲ ಶುರುವಾಗುವುದೇ ಅಲ್ಲಿಂದ. ಲೋಕದ ಜನ ಪ್ರತಿಜ್ಞೆ ಮಾಡುತ್ತಾರೆ, ಸಮೋಸಾ ತಿನ್ನುತ್ತಾರೆ, ಮನೆಗೆ ಹೋಗುತ್ತಾರೆ. ಇವರು ಪ್ರತಿಜ್ಞೆ ಮಾಡಿ, ಸಮೋಸಾ ತಿಂದು, ಪ್ರತಿಜ್ಞೆಯನ್ನೂ ಮನೆಗೆ ತಂದುಬಿಟ್ಟರು.

ಅವರು ಕೆಲಸ ಮಾಡುವುದು ತೂಕ ಮತ್ತು ಅಳತೆಗೆ ಸಂಬಂಧಪಟ್ಟ ಒಂದು ಕಚೇರಿಯಲ್ಲಿ. ಅಲ್ಲಿ ಕಳೆದ ವರ್ಷ ಒಂದು ದಿನ ಸಿಬ್ಬಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ, ಇನ್ನು ಮುಂದೆ ಮೀಟರು ಸೆಂಟಿಮೀಟರುಗಳಲ್ಲೇ ಅಳೆಯುತ್ತೇವೆ, ಮೀಟರು ಸೆಂಟಿಮೀಟರುಗಳಲ್ಲೇ ಮಾತಾಡುತ್ತೇವೆ ಎಂದು ಪ್ರತಿಜ್ಞೆ ಓದಿಸಿದರು. ಓದಿದವರ ಕೈಗೆ ಮೂರು ಮೀಟರಿನ ಒಂದೊಂದು ಉಕ್ಕಿನ ಟೇಪು ಕೊಟ್ಟರು. ಮಿಕ್ಕ ಸಿಬ್ಬಂದಿಯ ಟೇಪುಗಳು ಅವರವರ ಮನೆಯ ಮಕ್ಕಳ ಕೈಸೇರಿ ವಾರದೊಳಗೆ ಸ್ಪ್ರಿಂಗು ಕಿತ್ತುಕೊಂಡವು. ಸೂರ್ಯನಾರಾಯಣರದ್ದು ಮಾತ್ರ ಅವರ ಪ್ಯಾಂಟಿನ ಬಲಜೇಬಿನಲ್ಲಿ ಶಾಶ್ವತವಾಗಿ ನೆಲೆಸಿತು. ಟೇಪಿನ ಒಂದು ಅಂಚಿಗೆ ಸೆಂಟಿಮೀಟರು, ಇನ್ನೊಂದು ಅಂಚಿಗೆ ಇಂಚು. ಇಂಚಿನ ಅಂಚಿಗೆ ಅವರು ಮಗಳ ಉಗುರುಬಣ್ಣ ಬಳಿದು, ಮೂರು ಮೀಟರೂ ಗುಲಾಬಿ ಮಾಡಿ, ಒಣಗುವ ತನಕ ಬಾಲ್ಕನಿಯಲ್ಲಿ ಹಿಡಿದುಕೊಂಡು ನಿಂತಿದ್ದರು.

ಇಲ್ಲೊಂದು ವಿಷಯ ಹೇಳಲೇಬೇಕು. ಸೂರ್ಯನಾರಾಯಣರು ಆ ಕಚೇರಿಯಲ್ಲಿ ಗುಮಾಸ್ತರು. ಪತ್ರ ಟೈಪು ಮಾಡುವುದು, ನಂಬರು ಹಾಕುವುದು, ಕವರಿಗೆ ಹಾಕಿ ಕಳಿಸುವುದು, ಇಷ್ಟೇ ಮೂವತ್ತೊಂದು ವರ್ಷದ ಸೇವೆ. ಒಂದು ತಕ್ಕಡಿಯನ್ನೂ ಅವರು ಪರೀಕ್ಷಿಸಿದವರಲ್ಲ. ಆದರೆ ದೆಹಲಿಯ ಕನ್ನಡಿಗರ ನಡುವೆ ಅವರ ಹೆಸರು ಅಳತೆ ಸಾಹೇಬರು ಎಂದು. ತಾನು ಇನ್‌ಸ್ಪೆಕ್ಟರು ಎಂದು ಅವರು ಯಾವತ್ತೂ ಹೇಳಿದ್ದಿಲ್ಲ. ಅಲ್ಲ ಎಂದೂ ಹೇಳಿದ್ದಿಲ್ಲ. ಯಾರಾದರೂ 'ಸಾಹೇಬ್ರೇ' ಎಂದು ಕರೆದರೆ ಕಾಲರು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದರು. ನಿವೃತ್ತಿಗೆ ಏಳು ತಿಂಗಳು ಬಾಕಿ ಇತ್ತು. ಅಷ್ಟು ದಿನ ಆ ಹೆಸರು ಹಾಗೇ ಉಳಿದರೆ ಸಾಕು ಎನ್ನುವುದು ಅವರ ಬದುಕಿನ ಒಂದೇ ಒಂದು ಗುಟ್ಟಾದ ಆಸೆಯಾಗಿತ್ತು.

ಪ್ರತಿಜ್ಞೆಯ ಮೊದಲ ಪೆಟ್ಟು ಮನೆಯವರಿಗೇ ಬಿತ್ತು.

"ಅಪ್ಪಾ, ಡ್ರೆಸ್ ಆರ್ಡರ್ ಮಾಡ್ಬೇಕು, ನನ್ನ ಹೈಟ್ ಫೈವ್ ಫೋರ್ ತಾನೇ?" ಎಂದು ಮಗಳು ಅಮೂಲ್ಯ ಕೇಳಿದಳು.

"ನೂರ ಅರವತ್ತೆರಡು ಪಾಯಿಂಟ್ ಐದು ಆರು."

"ಅರೇ ಯಾರ್," ಎಂದು ಅಮೂಲ್ಯ ಅಮ್ಮನನ್ನು ಕೇಳಲು ಹೋದಳು.

ಅಮ್ಮನ ಅವಸ್ಥೆ ಇನ್ನೂ ಕಷ್ಟದ್ದಾಗಿತ್ತು. ಒಂದು ದಿನ ಶಾರದಮ್ಮ ರೊಟ್ಟಿ ತಟ್ಟುತ್ತ, "ಎಲ್ಲಾ ಈ ಗೇಣು ಹೊಟ್ಟೆಗೋಸ್ಕರ ತಾನೇ," ಎಂದು ಸುಮ್ಮನೆ ಉಸಿರುಬಿಟ್ಟರು. ಒಳಕೋಣೆಯಿಂದ, "ಸುಮಾರು ಇಪ್ಪತ್ತೆರಡು ಸೆಂಟಿಮೀಟರ್ ಹೊಟ್ಟೆ ಅನ್ನು," ಎಂಬ ತಿದ್ದುಪಡಿ ಬಂತು. ಕೆಳಗಿನ ಮಹಡಿಯ ಕೃಷ್ಣಮೂರ್ತಿಯವರು ಬೆಳಗ್ಗೆ ಎರಡು ಮೈಲಿ ನಡೆದೆ ಎಂದು ಖುಷಿಯಿಂದ ಹೇಳಿದರೆ, ಇವರು ಅದನ್ನು ಮೂರು ಪಾಯಿಂಟ್ ಎರಡು ಒಂದು ಎಂಟು ಆರು ಕಿಲೋಮೀಟರು ಮಾಡಿಕೊಟ್ಟು, ಅವರ ಆಯಾಸವನ್ನು ಒಂದೂವರೆ ಪಟ್ಟು ಹೆಚ್ಚಿಸಿ ಮುಂದೆ ಹೋಗುತ್ತಿದ್ದರು.

ಶುಕ್ರವಾರ ದೇವಸ್ಥಾನದ ಎದುರಿನ ಹೂವಿನ ಭಯ್ಯಾನ ಹತ್ತಿರ ಆದದ್ದಂತೂ ಶಾರದಮ್ಮ ಇಂದಿಗೂ ಮರೆತಿಲ್ಲ. ಅವನು ಬುಲಂದ್‌ಶಹರದವನು. ದಕ್ಷಿಣದ ಹೆಂಗಸರಿಗೆ ಮಾರಿ ಮಾರಿ ಮೊಳ ಎಂಬ ಮಾತು ಕಲಿತಿದ್ದ. ಮಲ್ಲಿಗೆ ದಂಡೆಯನ್ನು ಮೊಣಕೈಯಿಂದ ಬೆರಳ ತುದಿಗೆ ಎಳೆದು, ತುದಿ ಮುಟ್ಟಿದ ಮೇಲೂ ಸ್ವಲ್ಪ ಬಿಟ್ಟು, ಅಲ್ಲಿ ಕತ್ತರಿಸುತ್ತಿದ್ದ. ಸೂರ್ಯನಾರಾಯಣರು ಅವನ ಕೈ ಹಿಡಿದು ನಿಲ್ಲಿಸಿದರು. ಒಬ್ಬೊಬ್ಬರ ಕೈ ಒಂದೊಂದು ಉದ್ದ, ಇದು ಅವೈಜ್ಞಾನಿಕ ಎಂದು ಹಿಂದಿಯಲ್ಲಿ ಉಪನ್ಯಾಸ ಕೊಟ್ಟು, ಒಂದು ಮೊಳಕ್ಕೆ ನಲವತ್ತೈದು ಸೆಂಟಿಮೀಟರಿನಂತೆ ನಾಲ್ಕು ಮೊಳಕ್ಕೆ ನೂರ ಎಂಬತ್ತು ಅಳೆದು ಕೊಡಬೇಕೆಂದರು. ಭಯ್ಯಾ ತಕರಾರು ಮಾಡಲಿಲ್ಲ. ಅಳೆದು, ಸರಿಯಾಗಿ ನೂರ ಎಂಬತ್ತಕ್ಕೆ ಕತ್ತರಿಸಿ, ಬಹಳ ಗೌರವದಿಂದ ಕೊಟ್ಟ. ಅವನ ಕೈಯ ಮೊಳ ಐವತ್ತಿತ್ತು.

"ನಿಮ್ಮ ವಿಜ್ಞಾನಕ್ಕೆ ನನ್ನ ಒಂದು ಗೇಣು ಹೂವು ಹೋಯ್ತು," ಎಂದು ಶಾರದಮ್ಮ ಮನೆ ಸೇರುವ ತನಕ ಅದೊಂದೇ ಮಾತು ಆಡಿದರು.

ಇಷ್ಟಕ್ಕೇ ನಿಂತಿದ್ದರೆ ಇದು ಒಂದು ಸಂಸಾರದ ಗೋಳಾಗಿ ಮುಗಿಯುತ್ತಿತ್ತು. ಆದರೆ ಸೂರ್ಯನಾರಾಯಣರಿಗೆ ಮುನಿರ್ಕಾದಲ್ಲಿ ಒಬ್ಬ ಸ್ನೇಹಿತನಿದ್ದ.

ಮುನಿರ್ಕಾದ ಗಲ್ಲಿಯೊಂದರ ಮೂಲೆಯಲ್ಲಿ ರತ್ನಾಕರನ ಪಡುಬೆಟ್ಟು ಭವನ ಇದೆ. ಸುತ್ತಮುತ್ತ ಬಾಡಿಗೆ ಕೋಣೆಗಳಲ್ಲಿ ಮೂರು ಮೂರು ಜನ ಸೇರಿಕೊಂಡಿರುವ ಕಾಲೇಜು ವಿದ್ಯಾರ್ಥಿಗಳಿಗೆ ಅದು ಅಡುಗೆಮನೆಯೂ ಹೌದು, ಅಮ್ಮನ ಮನೆಯೂ ಹೌದು. ರತ್ನಾಕರ ಹಣ ಎಣಿಸುವ ಗಲ್ಲೆಯಲ್ಲಿ ಕೂರುತ್ತಾನೆ. ಕಾವಲಿಯ ಮುಂದೆ ನಿಲ್ಲುವುದು ಅವನ ಹೆಂಡತಿ ಉಮಾವತಿ. ಆಕೆ ಆರಡಿಗೆ ಸ್ವಲ್ಪವೇ ಕಡಿಮೆ ಇರುವ, ಉದ್ದ ಕೈಯ, ಕಡಿಮೆ ಮಾತಿನ ಹೆಂಗಸು. ಆಕೆ ಹುಯ್ಯುವ ದೋಸೆ ಉದ್ದನೆಯ ಕಾವಲಿಯ ಈ ತುದಿಯಿಂದ ಹೊರಟು ಆ ತುದಿಯ ಹತ್ತಿರಕ್ಕೆ ಹೋಗಿ ನಿಲ್ಲುತ್ತದೆ. ಅದನ್ನು ಇಬ್ಬರು ಹಿಡಿದುಕೊಂಡು ಬಂದು ಮೇಜಿನ ಮೇಲೆ ಮಲಗಿಸಬೇಕು. ನಾಲ್ಕು ಜನ ನಾಲ್ಕು ಕಡೆಯಿಂದ ಮುರಿಯುತ್ತಾರೆ. ಹದಿನೆಂಟು ವರ್ಷದಿಂದ ಬಾಗಿಲ ಮೇಲೆ 'ನಾಲ್ಕಡಿ ದೋಸೆ' ಎಂದು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ನಾಲ್ಕಡಿ ಎಂದರೆ ಬಹಳ ಉದ್ದ ಎಂದು ಎಲ್ಲರೂ ತಿಳಿದುಕೊಂಡಿದ್ದರು. ಬಹಳ ಉದ್ದವೇ ಇತ್ತು. ಯಾರಿಗೂ ಯಾವ ದೂರೂ ಇರಲಿಲ್ಲ.

ಪ್ರತಿಜ್ಞೆಯ ನಂತರದ ಒಂದು ಶನಿವಾರ ಸೂರ್ಯನಾರಾಯಣರು ಆ ಬೋರ್ಡಿನ ಕೆಳಗೆ ನಿಂತು ತಲೆಯಾಡಿಸಿದರು.

"ರತ್ನಾಕರ, ಇದು ಹೀಗಿರಬಾರದು. ದೇಶ ಅಡಿಯನ್ನು ಬಿಟ್ಟು ಎಷ್ಟು ಕಾಲವಾಯ್ತು. ನೀನು ಇನ್ನೂ ಅಡಿಯಲ್ಲಿ ದೋಸೆ ಮಾರ್ತಾ ಇದೀಯ."

"ಎಂತ ಮಾಡ್ಬೇಕು ಹೇಳಿ ಮಾರಾಯ್ರೇ. ನೀವು ಹೇಳಿದ ಹಾಗೆ."

"ಸೆಂಟಿಮೀಟರಿನಲ್ಲಿ ಬರೆಸು."

"ಎಷ್ಟು ಆಗ್ತದೆ?"

ಇಲ್ಲಿ ಇನ್ನೊಬ್ಬನಾಗಿದ್ದರೆ ನೂರಿಪ್ಪತ್ತು ಎಂದು ಹೇಳಿ ಚಟ್ನಿಗೆ ಕೈ ಹಾಕುತ್ತಿದ್ದ. ಸೂರ್ಯನಾರಾಯಣರು ಜೇಬಿನಿಂದ ಪೆನ್ನು ತೆಗೆದರು. ಕಾಗದದ ನ್ಯಾಪ್ಕಿನ್ ಮೇಲೆ ಮೂವತ್ತು ಪಾಯಿಂಟ್ ನಾಲ್ಕು ಎಂಟನ್ನು ನಾಲ್ಕರಿಂದ ಗುಣಿಸಿದರು. ಇನ್ನೊಮ್ಮೆ ಗುಣಿಸಿದರು. ಎರಡು ಸಲವೂ ಒಂದೇ ಉತ್ತರ ಬಂದದ್ದಕ್ಕೆ ಹೆಮ್ಮೆಪಟ್ಟು, ನ್ಯಾಪ್ಕಿನ್ನನ್ನು ರತ್ನಾಕರನ ಕೈಗಿತ್ತರು. ದೋಸೆಯನ್ನು ಒಮ್ಮೆ ಅಳೆದು ನೋಡೋಣ ಎಂದು ಜೇಬಿನಲ್ಲಿ ಟೇಪಿದ್ದ ಆ ಮಹಾನುಭಾವರಿಗೆ ಹೊಳೆಯಲಿಲ್ಲ. ಲೆಕ್ಕ ಸರಿಯಿತ್ತಲ್ಲ.

ಬುಧವಾರದ ಹೊತ್ತಿಗೆ ಹೊಸ ಬೋರ್ಡು ಬಂತು. ಹಸಿರು ಹಿನ್ನೆಲೆ, ಹಳದಿ ಅಕ್ಷರ: '121.92 ಸೆಂ.ಮೀ. ದೋಸೆ'. ಉಮಾವತಿ ಕಾವಲಿ ಬಿಟ್ಟು ಹೊರಗೆ ಬಂದು, ತಲೆಯೆತ್ತಿ ನೋಡಿ, "ಇಷ್ಟು ಕರೆಕ್ಟಾಗಿ ಯಾಕೆ?" ಎಂದು ಕೇಳಿದಳು. "ಸಾಹೇಬ್ರು ಬರೆಸಿದ್ದು," ಎಂದ ರತ್ನಾಕರ. ಆಕೆ ಮತ್ತೆ ಒಳಗೆ ಹೋದಳು.

ಮೂರನೇ ದಿನ ಚರಣ್ ಬಂದ. ದಾವಣಗೆರೆಯ ಕಡೆಯವನು, ಪಕ್ಕದ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡುತ್ತಿದ್ದವನು, ಐದು ವರ್ಷದಿಂದ ಆ ದೋಸೆಯನ್ನೇ ತಿಂದು ಬೆಳೆದವನು. ಬೋರ್ಡನ್ನು ನೋಡಿದ, ಒಳಗೆ ಬಂದ, ದೋಸೆ ತರಿಸಿದ, ಚೀಲದಿಂದ ಉಕ್ಕಿನ ಸ್ಕೇಲು ತೆಗೆದ. ಮೂರು ಸಲ ಅಳೆದು ಸರಾಸರಿ ತೆಗೆದ. ನೂರ ಹದಿನೇಳು ಪಾಯಿಂಟ್ ಮೂರು.

"ಅಣ್ಣಾ, ನಾಲ್ಕು ಪಾಯಿಂಟ್ ಆರು ಎರಡು ಕಡಿಮೆ ಇದೆ."

"ಐದು ವರ್ಷದಿಂದ ತಿಂತಾ ಇದ್ದಿ. ಇವತ್ತು ಎಂತ ಆಯ್ತು ನಿಂಗೆ?" ಎಂದು ರತ್ನಾಕರ ಕೇಳಿದ.

"ನಾಲ್ಕಡಿ ಅಂತಿದ್ದಾಗ ನಾನು ಯೋಚನೆನೇ ಮಾಡಿರ್ಲಿಲ್ಲ ಅಣ್ಣಾ. ಈಗ ಪಾಯಿಂಟ್ ಆದ್ಮೇಲೆ ಎರಡು ಅಂಕಿ ಹಾಕಿದೀರಿ. ಅದನ್ನ ನೋಡಿ ನಂಗೆ ಕೈ ಕಟ್ಕೊಂಡು ಕೂರೋಕೆ ಆಗ್ಲಿಲ್ಲ."

ಚರಣನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಳೆಯುವುದನ್ನು ಅವನ ಗೆಳೆಯ ವಿಡಿಯೋ ತೆಗೆದ, ಅಷ್ಟೇ. ಅದು ಸಂಜೆಯೊಳಗೆ ಮುನಿರ್ಕಾ ದಾಟಿತು. ಭಾನುವಾರ ಪಡುಬೆಟ್ಟು ಭವನದ ಮುಂದೆ ಸಾಲು ನಿಂತಿತ್ತು. ಎಲ್ಲರ ಕೈಯಲ್ಲೂ ಅಳೆಯುವ ಸಾಮಾನು. ಒಬ್ಬ ಬಡಗಿಯ ಮಡಿಚುಕೋಲು ತಂದಿದ್ದ, ಒಬ್ಬಳು ಟೈಲರ್ ಟೇಪು ತಂದಿದ್ದಳು, ಒಬ್ಬ ಇಡ್ಲಿಯ ವ್ಯಾಸ ತೆಗೆಯುತ್ತಿದ್ದ. ತಿನ್ನುವವರು ಕಡಿಮೆಯಾದರು, ಅಳೆಯುವವರು ಹೆಚ್ಚಾದರು. ಅಳೆದು ಮುಗಿಯುವ ಹೊತ್ತಿಗೆ ದೋಸೆ ತಣ್ಣಗಾಗುತ್ತಿತ್ತು, ಆಮೇಲೆ ತಣ್ಣಗಿದೆ ಎಂಬ ದೂರು ಬೇರೆ.

ಮೈಸೂರಿನಿಂದ ಶಾರದಮ್ಮನ ಅಣ್ಣ ವೆಂಕಟಸುಬ್ಬಯ್ಯ ಫೋನು ಮಾಡಿದರು. "ಭಾವ, ದೆಹಲೀಲಿ ಏನೋ ದೋಸೆ ಹಗರಣ ಅಂತೆ. ನಿಮ್ಮ ಇಲಾಖೆದೇ ಅಲ್ವೇ? ಬಿಡಬೇಡಿ ಅಂಥೋರನ್ನ."

ಸೂರ್ಯನಾರಾಯಣರು ಆ ರಾತ್ರಿ ಊಟ ಬೇಡ ಎಂದರು. ಶಾರದಮ್ಮ ಕಾರಣ ಕೇಳಲಿಲ್ಲ. ತಟ್ಟೆ ತೆಗೆಯುತ್ತ, "ನಾಳೆ ಹೋಗಿ ನಾಲ್ಕಡಿ ಅಂತಲೇ ಬರೆಸಿ ಬನ್ನಿ," ಎಂದರು. ಆದರೆ ಈ ಮಾತಿಗೆ ಪ್ರತಿಜ್ಞೆ ಅಡ್ಡ ಬಂತು. ಅದನ್ನು ಪಕ್ಕಕ್ಕಿಡಬೇಕೋ ಬೇಡವೋ ಎಂದು ಅವರು ಎರಡು ದಿನ ಯೋಚಿಸಿದರು. ಮೂರನೇ ದಿನ ದೂರು ಬಂತು.

ದೂರು ಬಂದದ್ದು ಅವರದೇ ಕಚೇರಿಗೆ, ಮತ್ತು ನೋಟೀಸು ಟೈಪು ಮಾಡಲು ಅವರದೇ ಮೇಜಿಗೆ. ಬರೆದವರು ಪೀತಮ್‌ಪುರದ ಒಬ್ಬ ಗ್ರಾಹಕರು, ನಿವೃತ್ತ ನೌಕರರು. ಲೆಕ್ಕದಲ್ಲಿ ಅವರೂ ಸಾಮಾನ್ಯರಲ್ಲ. ದಿನಕ್ಕೆ ಎಂಬತ್ತು ದೋಸೆ, ದೋಸೆಗೆ ನಾಲ್ಕು ಪಾಯಿಂಟ್ ಆರು ಎರಡು ಸೆಂಟಿಮೀಟರು ಖೋತಾ, ಹದಿನೆಂಟು ವರ್ಷ, ಒಟ್ಟು ಇಪ್ಪತ್ತನಾಲ್ಕು ಕಿಲೋಮೀಟರು ದೋಸೆ ಜನರಿಗೆ ತಲುಪಿಲ್ಲ. ಇದು ಮುನಿರ್ಕಾದಿಂದ ತಮ್ಮ ಮನೆಯ ಬಾಗಿಲ ತನಕ ಹಾಸಬಹುದಾದಷ್ಟು ದೋಸೆ ಎಂದು ಬರೆದಿದ್ದರು.

ಸೂರ್ಯನಾರಾಯಣರು ಲೆಕ್ಕವನ್ನು ಪರೀಕ್ಷಿಸಿದರು. ಪಡುಬೆಟ್ಟು ಭವನಕ್ಕೆ ಸೋಮವಾರ ರಜೆ. ದೂರುದಾರರು ಅದನ್ನು ಬಿಟ್ಟಿದ್ದರು. ರಜೆ ಕಳೆದರೆ ಇಪ್ಪತ್ತು ಪಾಯಿಂಟ್ ಎಂಟು ಕಿಲೋಮೀಟರು ಮಾತ್ರ. ಅಂಚಿನಲ್ಲಿ ಪೆನ್ಸಿಲಿನಿಂದ ಅದನ್ನು ಬರೆದು, ಸ್ನೇಹಿತನಿಗೆ ಮೂರು ಕಿಲೋಮೀಟರಿಗೂ ಹೆಚ್ಚು ಉಳಿಸಿಕೊಟ್ಟ ಸಮಾಧಾನದಲ್ಲಿ ಎರಡು ನಿಮಿಷ ಕೂತರು. ಆಮೇಲೆ ಆ ಸ್ನೇಹಿತನಿಗೆ ನೋಟೀಸು ಟೈಪು ಮಾಡಿದರು. ಒಂದು ತಪ್ಪೂ ಇರಲಿಲ್ಲ. ಇಂಥ ಗುಮಾಸ್ತರು ಈಗ ಹುಡುಕಿದರೂ ಸಿಗುವುದಿಲ್ಲ.

ಅಂಚೆಗೆ ಹಾಕುವ ಬದಲು ನೋಟೀಸನ್ನು ಅವರೇ ಹಿಡಿದುಕೊಂಡು ಹೋದರು. ರತ್ನಾಕರ ಓದಿ ಮಡಿಚಿ ಗಲ್ಲೆಯ ಕೆಳಗಿಟ್ಟ.

"ಗುರುವಾರ ಬರ್ತಾರಂತೆ. ಅಳತೆ ಕಡಿಮೆ ಅಂತ ಬರೆದ್ರೆ ಈ ಹೋಟ್ಲಿನ ಹೆಸರು ಮುಗೀತು. ಹೊಟ್ಟೆಗೆ ಮೋಸ ಮಾಡಿದವ ಅಂತ ಆದ್ಮೇಲೆ ಇಲ್ಲಿ ಯಾರು ಬಂದು ಕೂರ್ತಾರೆ?" ಎಂದ. ಎಲೆ ಹಾಕಿಸಿ, "ಊಟ ಮಾಡಿಯೇ ಹೋಗಿ ಮಾರಾಯ್ರೇ," ಎಂದೂ ಸೇರಿಸಿದ.

ಪಕ್ಕದ ಮೇಜಿನವರೊಬ್ಬರು, "ಅಣ್ಣಾ, ಚಿಂತೆ ಯಾಕೆ, ಅಳತೆ ಸಾಹೇಬ್ರೇ ನಿಮ್ಮ ಕಡೆ ಇದಾರಲ್ಲ. ಒಂದು ಮಾತು ಹೇಳಿದ್ರೆ ಫೈಲು ಕ್ಲೋಸು," ಎಂದರು. ಸೂರ್ಯನಾರಾಯಣರು ಕಾಲರು ಸರಿಮಾಡಿಕೊಳ್ಳಲಿಲ್ಲ. ಸಾರು ಅನ್ನವನ್ನು ಅರ್ಧಕ್ಕೇ ಬಿಟ್ಟರು. ಎದ್ದು ಮನೆಗೆ ಬಂದರು.

"ನಾನು ಬರೀ ಗುಮಾಸ್ತ ಅಂತ ಅವರಿಗೆ ಗೊತ್ತಿಲ್ಲ, ಶಾರದಾ."

"ಹೇಳಿದ್ರೆ ಗೊತ್ತಾಗುತ್ತೆ."

"ಮೂವತ್ತೊಂದು ವರ್ಷ ಆಯ್ತು. ಈಗ ಹೇಗೆ ಹೇಳೋದು?"

"ಕನ್ನಡದಲ್ಲೇ ಹೇಳಿ," ಎಂದು ಶಾರದಮ್ಮ ದೀಪ ಆರಿಸಿದರು.

ಗುರುವಾರ ಹನ್ನೊಂದು ಗಂಟೆಗೆ ತಪಾಸಣೆ. ಬಂದ ಅಧಿಕಾರಿ ಧಾರಿಣಿ. ದೆಹಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ, ಸೂರ್ಯನಾರಾಯಣರ ವಯಸ್ಸಿನ ಅರ್ಧ, ಹುದ್ದೆಯಲ್ಲಿ ನಾಲ್ಕು ಮೆಟ್ಟಿಲು ಮೇಲೆ. ವರದಿ ಬರೆಯಲು ಒಬ್ಬ ಗುಮಾಸ್ತ ಬೇಕಿತ್ತು. ಕಚೇರಿಯಲ್ಲಿ ಅವತ್ತು ಇದ್ದವರು ಇವರೊಬ್ಬರೇ. ಹೀಗೆ ಅವರು ಜೀವಮಾನದ ಮೊದಲ ತಪಾಸಣೆಗೆ ಹೊರಟರು.

ಜೀಪು ಗಲ್ಲಿಯ ಬಾಯಲ್ಲಿ ನಿಂತಾಗ ಆಗಲೇ ಜನ ಸೇರಿದ್ದರು. ಚರಣನೂ ಮುಖ ಸಣ್ಣದು ಮಾಡಿಕೊಂಡು ಮೂಲೆಯಲ್ಲಿ ನಿಂತಿದ್ದ. ಸೂರ್ಯನಾರಾಯಣರು ಇಳಿದದ್ದೇ ತಡ, "ಬಂದ್ರು, ಸಾಹೇಬ್ರು ಬಂದ್ರು," ಎಂಬ ಪಿಸುಮಾತು ಹರಡಿತು.

"ಸೂರ್ಯನಾರಾಯಣ್ ಜೀ," ಎಂದಳು ಧಾರಿಣಿ, "ಆ ಟೇಬಲ್ ಸ್ವಲ್ಪ ಒರೆಸಿಬಿಡಿ. ಪೆನ್ ಪೇಪರ್ ತಗೊಂಡು ಇಲ್ಲಿ ಕೂತ್ಕೊಳ್ಳಿ. ನಾನು ಹೇಳಿದ್ದು ಬರೀರಿ, ಚಲೋ."

ಮೂವತ್ತೊಂದು ವರ್ಷದ ಸಾಹೇಬಗಿರಿ ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿಹೋಯಿತು. ಅವರು ಮೇಜು ಒರೆಸಿದರು. ಯಾರ ಮುಖವನ್ನೂ ನೋಡದೆ ಕೂತು ಪೆನ್ನಿನ ಟೋಪಿ ತೆಗೆದರು.

ಧಾರಿಣಿ ಮಕಮಲ್ಲಿನ ಪೆಟ್ಟಿಗೆಯಿಂದ ಪ್ರಮಾಣದ ಅಳತೆಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. "ಮೇಡಂ, ಒಂದು ದೋಸೆ ಮಾಡಿ."

ಉಮಾವತಿ ಹಿಟ್ಟಿಗೆ ಸೌಟು ಹಾಕಿದಳು. ದೋಸೆ ಬಂತು. ಧಾರಿಣಿ ಬಗ್ಗಿ ನೋಡಿದಳು. "ನೂರ ಹದಿನೇಳು ಪಾಯಿಂಟ್ ಮೂರು. ಬರೀರಿ."

ಸೂರ್ಯನಾರಾಯಣರು ಬರೆದರು.

"ಇನ್ನೊಂದು."

ನೂರ ಹದಿನೇಳು ಪಾಯಿಂಟ್ ಎರಡು. ಇನ್ನೊಂದು. ಪಾಯಿಂಟ್ ಮೂರು. ಇನ್ನೊಂದು. ಪಾಯಿಂಟ್ ನಾಲ್ಕು. ಐದನೆಯ ದೋಸೆಗೆ ಧಾರಿಣಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಪಾಯಿಂಟ್ ಮೂರು. ಜನ ಒಬ್ಬೊಬ್ಬರೇ ಮೇಜಿನ ಹತ್ತಿರಕ್ಕೆ ಬಂದರು. ಆರನೆಯದು ಪಾಯಿಂಟ್ ಮೂರು. ಅಳೆದ ದೋಸೆಗಳನ್ನು ಯಾರೋ ಮೆಲ್ಲಗೆ ಆಚೆ ಸಾಗಿಸಿ ತಿನ್ನತೊಡಗಿದ್ದರು, ಅದನ್ನು ಅಧಿಕಾರಿ ಗಮನಿಸಲಿಲ್ಲ. ಹತ್ತನೆಯ ದೋಸೆಗೆ ಗಲ್ಲಿಯೇ ಉಸಿರು ಬಿಗಿಹಿಡಿದಿತ್ತು. ಪಾಯಿಂಟ್ ಮೂರು.

ಧಾರಿಣಿ ಅಳತೆಪಟ್ಟಿ ಕೆಳಗಿಟ್ಟಳು.

"ಹತ್ತು ತಕ್ಕಡಿ ಚೆಕ್ ಮಾಡಿದ್ರೆ ಹತ್ತು ಥರ ತೋರಿಸ್ತವೆ. ಮೆಷಿನ್‌ಗಳೇ ಹೀಗೆ ಬರಲ್ಲ. ಮೇಡಂ, ಆಪ್ ಕೈಸೇ... ಹೇಗೆ ಅಳೀತೀರಿ ನೀವು?"

"ಅಳೆಯುವುದೆಂತ," ಎಂದಳು ಉಮಾವತಿ. ಆಕೆಗೆ ಅಷ್ಟು ಜನ ತನ್ನನ್ನೇ ನೋಡುವುದು ಹೊಸದು. ಕಾವಲಿಯ ಮೇಲೆ, ಕಾವು ತಾಗದಷ್ಟು ಎತ್ತರದಲ್ಲಿ ತೋಳು ಚಾಚಿದಳು. ಮೊಣಕೈಯಿಂದ ಬೆರಳತುದಿ ಒಂದು. ಅಲ್ಲಿಂದ ಇನ್ನೊಂದು. ಆಮೇಲೆ ಹೆಬ್ಬೆರಳು ಕಿರುಬೆರಳು ಅಗಲಿಸಿ ಇಟ್ಟಳು. "ಎರಡು ಮೊಳ, ಒಂದು ಗೇಣು. ನನ್ನ ಅತ್ತೆ ಕಲಿಸಿದ್ದು. ಅವರದ್ದು ಕೈ ಸಣ್ಣದಿತ್ತು, ಅವರ ದೋಸೆ ಸಣ್ಣ ಆಗ್ತಿತ್ತು. ಈಗ ನೋಡಿ ಅಳೀಬೇಕು ಅಂತ ಇಲ್ಲ. ಕೈಗೇ ಗೊತ್ತುಂಟು."

ಸೂರ್ಯನಾರಾಯಣರು ಪೆನ್ನು ಹಿಡಿದುಕೊಂಡೇ ಆ ಕೈಯನ್ನು ನೋಡಿದರು. ಹದಿನೆಂಟು ವರ್ಷ ಶನಿವಾರ ಶನಿವಾರ ಅದೇ ಕೈಯ ದೋಸೆ ತಿಂದಿದ್ದರು, ಆ ಕೈಯನ್ನು ನೋಡಿರಲಿಲ್ಲ. ಜೇಬಿನಲ್ಲಿದ್ದ ಗುಲಾಬಿ ಟೇಪು ತೊಡೆಗೆ ಒತ್ತುತ್ತಿತ್ತು. ಅವರಿಗೆ ನಾಚಿಕೆಯೂ ಆಯಿತು, ಎದ್ದು ನಿಂತು ಕೈಮುಗಿಯಬೇಕು ಎಂದೂ ಅನಿಸಿತು.

"ದೋಸೆ ಎಲ್ಲಾ ಒಂದೇ ಸಮ ಇದೆ, ಅದು ಸರಿ," ಎಂದಳು ಧಾರಿಣಿ. "ಆದ್ರೆ ಬೋರ್ಡ್ ಮೇಲೆ ನೂರಿಪ್ಪತ್ತೊಂದು ಪಾಯಿಂಟ್ ಒಂಬತ್ತೆರಡು ಅಂತಿದೆ. ಅದು ಸುಳ್ಳಾಗುತ್ತೆ. ಯಾರು ಬರೆಸಿದ್ದು?"

"ನಾನೇ," ಎಂದ ರತ್ನಾಕರ, ಒಂದು ಕ್ಷಣವೂ ತಡೆಯದೆ. "ನನ್ನ ಹೋಟ್ಲು, ನನ್ನ ಬೋರ್ಡು. ನಾನೇ ಲೆಕ್ಕ ಹಾಕಿದ್ದು."

ನಾಲ್ಕನೇ ಮಗ್ಗಿಗೂ ಬೆರಳು ಮಡಿಚುವ ರತ್ನಾಕರ ಎರಡು ದಶಮಾಂಶದ ಲೆಕ್ಕ ಹಾಕಿದನೆಂದು ಮುನಿರ್ಕಾದ ಗೋಡೆಗಳೂ ನಂಬುತ್ತಿರಲಿಲ್ಲ. ಆದರೆ ವರದಿಯಲ್ಲಿ ಬರೆದರೆ ಅದೇ ನಿಜವಾಗುತ್ತಿತ್ತು. ಬರೆಯುವ ಪೆನ್ನು ಸೂರ್ಯನಾರಾಯಣರ ಕೈಯಲ್ಲೇ ಇತ್ತು. ಸುಮ್ಮನೆ ಬರೆದಿದ್ದರೆ ಏಳು ತಿಂಗಳು ಕಳೆದು ಹಾರ ಹಾಕಿಸಿಕೊಂಡು ಮನೆಗೆ ಹೋಗಬಹುದಿತ್ತು.

ಅವರು ಎದ್ದು ನಿಂತರು.

"ಮೇಡಂ, ಅದು ಸುಳ್ಳು. ಲೆಕ್ಕ ನನ್ನದು. ದೋಸೆ ಅಳೆಯದೆ ಬೋರ್ಡು ಬರೆಸಿದೋನು ನಾನು. ದೋಸೆ ಕಡಿಮೆ ಇಲ್ಲ, ನನ್ನ ಬೋರ್ಡು ಜಾಸ್ತಿ ಆಯ್ತು." ಆಮೇಲೆ ಜನರ ಕಡೆ ತಿರುಗಿದರು. "ಇನ್ನೊಂದು ಮಾತು. ನಾನು ಇನ್‌ಸ್ಪೆಕ್ಟರೂ ಅಲ್ಲ, ಸಾಹೇಬನೂ ಅಲ್ಲ. ಟೈಪು ಮಾಡೋ ಗುಮಾಸ್ತ. ನಿನ್ನ ಫೈಲು ಕ್ಲೋಸ್ ಮಾಡೋ ಶಕ್ತಿ ನನಗಿಲ್ಲ ರತ್ನಾಕರ. ನೀನು ನನ್ನ ನಂಬಿ ಕೆಟ್ಟೆ."

ರತ್ನಾಕರ ಗಲ್ಲೆಯಿಂದ ಇಳಿದು ಬಂದ.

"ಅದು ನಮಗೆ ಗೊತ್ತುಂಟಲ್ಲ ಮಾರಾಯ್ರೇ."

"ಏನು ಗೊತ್ತು?"

"ನೀವು ಗುಮಾಸ್ತ ಅಂತ. ಹೋಟ್ಲು ಶುರು ಮಾಡಿದ ಮೊದಲ ತಿಂಗಳು ಇಲ್ಲಿ ಒಂದು ನರಪಿಳ್ಳೆ ಬರ್ತಿರ್ಲಿಲ್ಲ. ನೀವು ಶನಿವಾರ ಶನಿವಾರ ಆಫೀಸಿನ ಆರು ಜನರನ್ನು ಕಟ್ಕೊಂಡು ಬರ್ತಿದ್ರಿ. ಅವರೇ ಮೊದಲ ದಿನ ಹೇಳಿದ್ರು, ಇವ ನಮ್ಮ ಟೈಪಿಸ್ಟು ಅಂತ. ಆ ಆರು ಜನ ಅರುವತ್ತು ಜನರನ್ನು ಕರ್ಕೊಂಡು ಬಂದ್ರು. ನಾವು ಸಾಹೇಬ್ರು ಅಂದದ್ದು ನಿಮ್ಮ ಆಫೀಸು ನೋಡಿ ಅಲ್ಲ."

ಕಾವಲಿಯ ಹತ್ತಿರದಿಂದ ಉಮಾವತಿ, "ನೀವು ಹೇಳಿದ್ದು ಅಂತ ಬೋರ್ಡು ಹಾಕಿದ್ದು," ಎಂದಳು. "ಮೂರು ಬೆರಳು ಹೆಚ್ಚು ಬರೆದಿದ್ದೀರಿ ಅಂತ ನಂಗೆ ಅವತ್ತೇ ಗೊತ್ತಾಗಿತ್ತು. ಪಾಪ, ಇಷ್ಟು ಖುಷಿಯಲ್ಲಿ ಬರೆಸಿದಾರೆ ಅಂತ ಸುಮ್ಮನಾದೆ."

ಸೂರ್ಯನಾರಾಯಣರು ಕೂತುಬಿಟ್ಟರು. ಕಣ್ಣು ಒದ್ದೆಯಾಗಿತ್ತು, ಅದನ್ನು ಅವರು ಮುಚ್ಚಿಡಲೂ ಹೋಗಲಿಲ್ಲ.

ಧಾರಿಣಿ ವರದಿಯ ಹಾಳೆಯನ್ನು ಅವರ ಮುಂದೆ ಸರಿಸಿದಳು. ಆಮೇಲೆ, "ಬರೀರಿ," ಎಂದಳು. "ಹತ್ತು ಮಾದರಿ ಅಳೆದು ನೋಡಲಾಗಿದೆ. ಎಲ್ಲಾ ಒಂದೇ ಸಮ. ಗ್ರಾಹಕರಿಗೆ ಮೋಸ ಮಾಡೋ ಉದ್ದೇಶ ಕಂಡುಬಂದಿಲ್ಲ. ಬೋರ್ಡ್ ಮೂರು ದಿನದಲ್ಲಿ ಸರಿಮಾಡಬೇಕು. ತಪ್ಪು ಲೆಕ್ಕಕ್ಕೆ ಕಾರಣ..." ಅವಳು ನಿಂತಳು. "ನಿಮ್ಮ ಬಗ್ಗೆ ಏನು ಬರೀಲಿ ಸೂರ್ಯನಾರಾಯಣ್ ಜೀ?"

"ಇದ್ದದ್ದು ಬರೀರಿ ಮೇಡಂ. ತಪ್ಪಿಲ್ಲದೆ ಟೈಪು ಮಾಡಿ ಕೊಡ್ತೀನಿ."

"ಅಚ್ಛಾ, ಹಾಗಾದ್ರೆ ಹೀಗೆ ಬರೀರಿ: ಕಾರಣ, ಒಬ್ಬ ಸ್ನೇಹಿತರ ಅತಿಯಾದ ನಿಖರತೆ." ಅವಳು ಅಳತೆಪಟ್ಟಿಯನ್ನು ಪೆಟ್ಟಿಗೆಗೆ ಹಾಕಿದಳು. "ಆ ಹತ್ತು ದೋಸೆ ಎಲ್ಲಿ?"

ಹತ್ತರಲ್ಲಿ ಒಂದೂ ಉಳಿದಿರಲಿಲ್ಲ. ಚರಣ್ ಬಾಯಿ ಒರೆಸಿಕೊಳ್ಳುತ್ತಿದ್ದ. ಉಮಾವತಿ ಹನ್ನೊಂದನೆಯದನ್ನು ಹುಯ್ದಳು. ಅದನ್ನು ಯಾರೂ ಅಳೆಯಲಿಲ್ಲ.

ಬೋರ್ಡು ಎರಡನೇ ದಿನವೇ ಬದಲಾಯಿತು. ಈಗ ಅಲ್ಲಿ 'ಉದ್ದ ದೋಸೆ' ಎಂದಷ್ಟೇ ಇದೆ. ಸೂರ್ಯನಾರಾಯಣರು ಪ್ರತಿಜ್ಞೆಯನ್ನು ಬಿಟ್ಟಿಲ್ಲ, ಅಂಥವರು ಅವರಲ್ಲ. ಮನೆಯ ಕಿಟಕಿ ಬಾಗಿಲುಗಳೆಲ್ಲ ಇನ್ನೂ ಸೆಂಟಿಮೀಟರಿನಲ್ಲೇ ಇವೆ. ಹೂವಿನ ಭಯ್ಯಾನ 'ಮೊಳ' ಮಾತ್ರ ಮತ್ತೆ ಅವನ ಕೈಗೇ ಹೋಗಿದೆ, ಶಾರದಮ್ಮನ ಗೇಣು ಹೂವು ವಾಪಸು ಬಂದಿದೆ.

ಮುಂದಿನ ಶನಿವಾರ ಅವರು ಹೋಟೆಲಿಗೆ ಹೋದಾಗ ರತ್ನಾಕರ ಎಂದಿನಂತೆ, "ಬನ್ನಿ ಸಾಹೇಬ್ರೇ," ಎಂದ. ಅವರು ಬೇರೆ ಕಡೆ ನೋಡಲಿಲ್ಲ, ಅವನನ್ನೇ ನೋಡಿ ನಕ್ಕರು. ಪಕ್ಕದ ಮೇಜಿನಲ್ಲಿ ಈಗಷ್ಟೇ ಯಾವುದೋ ಉತ್ತರದ ಊರಿನಿಂದ ಬಂದು ಕಾಲೇಜು ಸೇರಿದ ಹುಡುಗಿಯೊಬ್ಬಳು ಬೋರ್ಡಿನ ಕಡೆ ಬೆರಳು ತೋರಿಸಿ, "ಅಂಕಲ್, ಕಿತ್ನಾ ಲಂಬಾ ಹೋತಾ ಹೈ?" ಎಂದು ದೋಸೆಯ ಉದ್ದವನ್ನು ಇವರನ್ನೇ ಕೇಳಿದಳು.

ಅಭ್ಯಾಸಬಲದಿಂದ ಅವರ ಬಲಗೈ ಜೇಬಿಗೆ ಹೋಯಿತು. ಟೇಪನ್ನು ಮುಟ್ಟಿತು. ಅಲ್ಲೇ ಬಿಟ್ಟು ಹೊರಗೆ ಬಂತು. ಮೂವತ್ತೊಂದು ವರ್ಷ ಅಳತೆಯ ಕಚೇರಿಯಲ್ಲಿ ಕೂತ ಸೂರ್ಯನಾರಾಯಣರು ಎರಡೂ ಕೈಗಳನ್ನು ಅಗಲಿಸಿ ಹಿಡಿದರು.

"ಇತ್ನಾ," ಎಂದರು.

ಕಾವಲಿಯ ಮುಂದಿದ್ದ ಉಮಾವತಿ ಕತ್ತು ತಿರುಗಿಸಿ ಒಮ್ಮೆ ನೋಡಿದಳು.

"ಮೂರು ಬೆರಳು ಒಳಗೆ ತನ್ನಿ," ಎಂದಳು.

ಸೂರ್ಯನಾರಾಯಣರು ತಂದರು.